ಚಂದ್ರಗಿರಿಯ ಇಕ್ಕೆಲದ ಹಳೆಯ ಕಟ್ಟಡಗಳು

ಒಂದು ಊರಿನ ಚರಿತ್ರೆಯನ್ನು ಅರಿಯಲು ಮೂರು ದಾರಿಗಳುಂಟು. ಶಾಸನಗಳನ್ನೂ ಕಡತಗಳನ್ನೂ ಓದುವುದು ಒಂದು; ಹಿರಿಯರ ಬಾಯಿಂದ ಕೇಳಿ ತಿಳಿಯುವುದು ಇನ್ನೊಂದು; ಊರಿನಲ್ಲಿ ಉಳಿದುಬಂದ ಹಳೆಯ ಕಟ್ಟಡಗಳನ್ನು ಪರೀಕ್ಷಿಸಿ ನೋಡುವುದು ಮೂರನೆಯದು. ಮೊದಲನೆಯದಕ್ಕೆ ಲಿಪಿಜ್ಞಾನ ಬೇಕು, ಎರಡನೆಯದಕ್ಕೆ ತಾಳ್ಮೆ ಬೇಕು. ಮೂರನೆಯದಕ್ಕೆ ಕಾಲೂ ಕಣ್ಣೂ ಇದ್ದರೆ ಸಾಕೆಂದು ಜನರು ಭಾವಿಸುತ್ತಾರೆ. ಆದುದರಿಂದಲೇ ಅದು ವಿದ್ವಾಂಸರ ಗಮನಕ್ಕೆ ಕಡಿಮೆಯಾಗಿಯೂ ಪ್ರವಾಸಿಗಳ ಗಮನಕ್ಕೆ ಹೆಚ್ಚಾಗಿಯೂ ಬಿದ್ದಿದೆ. ಆದರೆ ಕಟ್ಟಡವನ್ನು ನೋಡುವುದು ಬೇರೆ, ಓದುವುದು ಬೇರೆ. ನಮ್ಮ ಕಾಸರಗೋಡು ಸೀಮೆಯ ಕೆಲವು ಹಳೆಯ ಕಟ್ಟಡಗಳನ್ನು ಓದುವ ಬಗೆ ಹೇಗೆ, ಓದಿದರೆ ಅವು ಏನನ್ನು ಹೇಳುತ್ತವೆ ಎಂಬುದನ್ನು ಅಧ್ಯಾಪಕ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ಬಗೆಯ ಓದಿಗೆ ಹೆಸರಾದ ಹೊರನಾಡಿನ ಒಂದು ಊರನ್ನು ಮೊದಲು ನೆನೆಯಬಹುದು. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಒಂದು ಬಹುಕೋನ ಗೋಪುರವಿದೆ. ಅದರ ಕೆಳಭಾಗದ ಕಲ್ಲುಗಳು ಚಿಕ್ಕವು, ಅಚ್ಚುಕಟ್ಟಾಗಿ ಕಡಿದವು. ಅವು ರೋಮನರ ಕಾಲದವು. ಮೇಲುಭಾಗದ ಕಲ್ಲುಗಳು ದೊಡ್ಡವು, ಅವು ಮಧ್ಯಯುಗದವು. ಬಂದವರು ಮೊದಲಿದ್ದುದನ್ನು ಕೆಡವದೆ ಅದರ ಮೇಲೆಯೇ ಕಟ್ಟಿದರು. ಹೀಗಾಗಿ ಒಂದೇ ಗೋಡೆಯಲ್ಲಿ ಸಾವಿರ ವರ್ಷದ ಅಂತರವುಳ್ಳ ಎರಡು ಕೈಗಳು ಕಾಣುತ್ತವೆ. ಇದೇ ಊರಿನ ನಗರಸಭೆಯು 1800ರಲ್ಲಿ ಕೋಟೆಗೋಡೆಗಳನ್ನು ಕೆಡವಲು ಅಪ್ಪಣೆ ಬೇಡಿತ್ತು. ನಾಗರಿಕರು ವಿರೋಧಿಸಿದುದರಿಂದ ಗೋಡೆಗಳ ಬಹುಭಾಗ ಉಳಿಯಿತು. ಕಟ್ಟಡದಲ್ಲಿ ಒಂದಕ್ಕಿಂತ ಹೆಚ್ಚು ಕೈಗಳನ್ನು ಹುಡುಕಬೇಕು, ಅದು ಯಾರ ಪ್ರಯತ್ನದಿಂದ ಉಳಿಯಿತೆಂದೂ ಕೇಳಬೇಕು. ಈ ಎರಡು ಸೂತ್ರಗಳನ್ನು ಹಿಡಿದು ನಮ್ಮ ನಾಡಿಗೆ ಬರೋಣ.

ಕಲ್ಲು, ಮಳೆ, ಹಂಚು

ನಮ್ಮ ಕಟ್ಟಡಗಳ ಮೊದಲನೆಯ ಶಿಲ್ಪಿ ಈ ನೆಲ, ಎರಡನೆಯವನು ಮಳೆರಾಯ. ಈ ಕರಾವಳಿಯಲ್ಲಿ ಎಲ್ಲೆಲ್ಲೂ ದೊರೆಯುವುದು ಮುರಕಲ್ಲು. ನೆಲದೊಳಗಿರುವಾಗ ಮೆತ್ತಗಿದ್ದು, ಕಡಿದು ಹೊರಗಿಟ್ಟ ಬಳಿಕ ಗಾಳಿ ಬಿಸಿಲುಗಳಿಗೆ ಗಟ್ಟಿಯಾಗುವುದು ಅದರ ಗುಣ. ಇದರಿಂದ ಬೇಗನೆ ದೊಡ್ಡ ಗೋಡೆ ಏರಿಸಬಹುದು. ಆದರೆ ನಯವಾದ ಕೆತ್ತನೆಗೆ ಅದು ಒಗ್ಗದು. ಬೇಲೂರು ಹಳೆಬೀಡುಗಳಂತಹ ಶಿಲ್ಪ ನಮ್ಮಲ್ಲೇಕಿಲ್ಲ ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ಕಲ್ಲಿನಲ್ಲಿದೆ. ನಮ್ಮವರು ಕೆತ್ತನೆಯ ಆಸೆಯನ್ನು ಮರದಲ್ಲಿ ತೀರಿಸಿಕೊಂಡರು.

ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಸುರಿಯುವ ನಾಡಿನಲ್ಲಿ ಮಾಡು ಇಳಿಜಾರಾಗಿರಲೇಬೇಕು, ಅದರ ಅಂಚು ಗೋಡೆಯಿಂದ ಹೊರಗೆ ಚಾಚಿರಲೇಬೇಕು. ದೇವಸ್ಥಾನಕ್ಕೂ ಮಸೀದಿಗೂ ಬೀಡಿನ ಮನೆಗೂ ಇದೇ ನಿಯಮ. ಈ ಸೀಮೆಯ ಹಳೆಯ ಮಸೀದಿ ಒಂದನ್ನೂ ಹಳೆಯ ದೇವಾಲಯ ಒಂದನ್ನೂ ದೂರದಿಂದ ನೋಡಿದಾಗ ಕಾಣುವ ಹೋಲಿಕೆಗೆ ಒಂದೇ ಮಳೆಯೂ ಒಂದೇ ಬಡಗಿಯ ಪರಂಪರೆಯೂ ಕಾರಣ.

ಕಾಲನಿರ್ಣಯಕ್ಕೆ ಒಂದು ಸುಲಭವಾದ ಸೂಚನೆ ಹಂಚು. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅದಕ್ಕೆ ಮುನ್ನ ಸಾಮಾನ್ಯರ ಮನೆಗೆ ಮುಳಿಹುಲ್ಲು ಅಥವಾ ತೆಂಗಿನ ಮಡಲು. ದೊಡ್ಡ ದೇವಾಲಯಗಳಿಗೆ ತಾಮ್ರದ ತಗಡು. ಮಂಗಳೂರು ಹಂಚು ಹೊದೆದ ಮಾಡು ಕಂಡರೆ, ಗೋಡೆ ಎಷ್ಟೇ ಹಳೆಯದಾದರೂ, ಆ ಮಾಡು 1865ರಿಂದ ಈಚಿನದೆಂದು ಹೇಳಬಹುದು. ಹೀಗೆ ಗೋಡೆಗೆ ಒಂದು ವಯಸ್ಸು, ಪಕ್ಕಾಸು ರೀಪುಗಳಿಗೆ ಇನ್ನೊಂದು, ಹಂಚಿಗೆ ಮತ್ತೊಂದು ಇರುವುದು ನಮ್ಮಲ್ಲಿ ವಿಶೇಷವಲ್ಲ. ಮಕ್ಕಳಿಗೆ ಇದನ್ನು ಹೇಳಿಕೊಟ್ಟರೆ ತಮ್ಮ ಮನೆಯನ್ನೇ ಅವರು ಹೊಸ ಕಣ್ಣಿನಿಂದ ನೋಡಬಲ್ಲರು.

ಕೋಟೆಗಳು

ಕಾಸರಗೋಡು ಪೇಟೆಯಿಂದ ದಕ್ಷಿಣಕ್ಕೆ ಹೊರಟರೆ ಮೊದಲು ಎದುರಾಗುವುದು ಪಯಸ್ವಿನೀ ನದಿ; ಅದಕ್ಕೆ ಚಂದ್ರಗಿರಿ ಹೊಳೆಯೆಂದೂ ಹೆಸರು. ಅದರ ದಕ್ಷಿಣ ದಡದ ಎತ್ತರದಲ್ಲಿ ಚಂದ್ರಗಿರಿ ಕೋಟೆ ಇದೆ. ವಿಸ್ತಾರ ಸುಮಾರು 7 ಎಕರೆ. ಕೆಳಗೆ ಹೊಳೆ, ಪಶ್ಚಿಮಕ್ಕೆ ಕಡಲು, ಹೊಳೆಯಾಚೆ ಕಾಸರಗೋಡು. ಎಲ್ಲವೂ ಅಲ್ಲಿಂದ ಕಾಣುತ್ತವೆ. ಬುಕಾನನ್ ಎಂಬ ಆಂಗ್ಲ ಅಧಿಕಾರಿ 1801ರ ಆರಂಭದಲ್ಲಿ ಈ ದಾರಿಯಾಗಿ ಹೋದಾಗ ಈ ಹೊಳೆಯನ್ನೇ ಮಲೆಯಾಳಕ್ಕೂ ತುಳುನಾಡಿಗೂ ನಡುವಣ ಎಲ್ಲೆಯೆಂದು ಬರೆದುಕೊಂಡನು. ಈ ಕೋಟೆಯನ್ನು ಇಕ್ಕೇರಿಯ ಶಿವಪ್ಪನಾಯಕನು ಕಟ್ಟಿಸಿದನೆಂಬ ಮಾತನ್ನೂ ದಾಖಲಿಸಿದನು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಹೊಳೆಯು ಎಲ್ಲೆಯಾಗಿದ್ದರೆ, ಉತ್ತರದಿಂದ ಬಂದ ಅರಸನು ಕೋಟೆಯನ್ನು ತನ್ನ ದಡದಲ್ಲಿ ಕಟ್ಟಬೇಕಾಗಿತ್ತು. ಅವನು ಕಟ್ಟಿದ್ದು ಆಚೆಯ ದಡದಲ್ಲಿ. ಅಷ್ಟೇ ಅಲ್ಲ, ಅಲ್ಲಿಂದ ಮುಂದೆ ಬೇಕಲ, ಅದಕ್ಕೂ ಮುಂದೆ ಹೊಸದುರ್ಗ. ಕೆಳದಿಯವರ ಕೋಟೆಗಳು ದಕ್ಷಿಣಕ್ಕೆ ಸಾಲಾಗಿ ನಡೆದಿವೆ. ಭಾಷೆಗೂ ಆಚಾರಕ್ಕೂ ಹೊಳೆಯು ಎಲ್ಲೆಯಾಗಿದ್ದಿರಬಹುದು. ಮೆಣಸು ಅಕ್ಕಿಗಳ ವ್ಯಾಪಾರಕ್ಕೂ ದಂಡಿಗೂ ಅದು ಎಲ್ಲೆಯಾಗಿರಲಿಲ್ಲ. ಮುಂದೆ 1956ರ ನವೆಂಬರ್ 1ರಂದು ಇಡೀ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿಯ ಉತ್ತರಭಾಗವು ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು. ಅದು ಕಾರ್ಯರೂಪಕ್ಕೆ ಬರಲಿಲ್ಲ. ಈ ವಿವಾದದಲ್ಲಿ ಎರಡು ಪಕ್ಷದವರೂ ಹಳೆಯ ಕಟ್ಟಡಗಳನ್ನು ಸಾಕ್ಷಿಗೆ ಕರೆದುದುಂಟು. ಕಟ್ಟಡವು ಸಾಕ್ಷಿ ಹೇಳುವುದು ನಿಜ. ಆದರೆ ಅದು ಹಕ್ಕುಪತ್ರವಲ್ಲ. ಚಂದ್ರಗಿರಿ ಕೋಟೆಯು ಯಾವ ದಡದವರಿಗೂ ಪೂರ್ಣವಾಗಿ ಒಪ್ಪಿಗೆಯಾಗುವ ಸಾಕ್ಷಿಯಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು.

ಬೇಕಲದ ಕೋಟೆ ಸುಮಾರು 40 ಎಕರೆ ವಿಸ್ತಾರವುಳ್ಳದ್ದು. ಇಂದಿನ ಕೇರಳದ ಕೋಟೆಗಳಲ್ಲಿ ಅತಿ ದೊಡ್ಡದು. ಇದರ ನಿರ್ಮಾಣವನ್ನು 1650ರ ಸುಮಾರಿನ ಶಿವಪ್ಪನಾಯಕನ ಕಾಲಕ್ಕೆ ಹೇಳುತ್ತಾರೆ. ಅದಕ್ಕೆ ಮುನ್ನವೇ ಕೋಲತ್ತಿರಿ ಅರಸರ ಕೋಟೆ ಅಲ್ಲಿತ್ತು, ನಾಯಕರು ಅದನ್ನು ಬಲಪಡಿಸಿದರು ಎಂಬ ಮತವೂ ಉಂಟು. ಯಾರ್ಕಿನ ಗೋಪುರದ ಮುಂದೆ ಕೇಳುವ ಪ್ರಶ್ನೆಯನ್ನೇ ಇಲ್ಲಿಯೂ ಕೇಳಬೇಕಾಗಿದೆ: ಕೆಳಗಿನ ಸಾಲು ಯಾರದು, ಮೇಲಿನದು ಯಾರದು? ಬಾಗಿಲಲ್ಲಿ ನೇರವಾಗಿ ನುಗ್ಗಲಾಗದಂತೆ ದಾರಿ ಸೊಟ್ಟಸೊಟ್ಟಾಗಿ ತಿರುಗುತ್ತದೆ, ಸುತ್ತಲೂ ಅಗಳು, ಒಳಗೆ ಮದ್ದಿನಮನೆ, ಮೆಟ್ಟಿಲಿಳಿದು ಹೋಗುವ ಕೆರೆ, ನಡುವೆ ಎತ್ತರವಾದ ವೀಕ್ಷಣಗೋಪುರ. ಕಡಲ ಕಡೆಯ ಕೊತ್ತಲಗಳ ಗುಂಡಿನ ಕಂಡಿಗಳನ್ನು ನೋಡಿದರೆ ಕೆಲವು ದೂರಕ್ಕೆ, ಕೆಲವು ಹತ್ತಿರಕ್ಕೆ ಗುರಿಯಿಡಲು ಮಾಡಿದವೆಂದು ತಿಳಿಯುತ್ತದೆ. ಅರಮನೆಯ ವೈಭವಕ್ಕಿಂತ ಕಾವಲಿನ ಉಪಯೋಗವನ್ನೇ ಕಟ್ಟಿಸಿದವರು ನೋಡಿದರೆಂಬುದು ಸ್ಪಷ್ಟ.

ಹೈದರಾಲಿಯು 1763ರಲ್ಲಿ ಬಿದನೂರನ್ನು ಗೆದ್ದ ಬಳಿಕ ಈ ಕರಾವಳಿಯೂ ಅವನ ವಶವಾಯಿತು. ಟಿಪ್ಪುವಿನ ಕಾಲದಲ್ಲಿ ಬೇಕಲವು ಮುಖ್ಯ ಠಾಣೆಯಾಗಿತ್ತು. 1799ರಲ್ಲಿ ಅವನು ಮಡಿದ ಮೇಲೆ ಕಂಪೆನಿಯ ಆಡಳಿತ ಬಂತು. ಕಂಪೆನಿಯವರಿಗೆ ಕೋಟೆ ಬೇಕಾಗಿರಲಿಲ್ಲ, ಕಚೇರಿ ಬೇಕಾಗಿತ್ತು. ಬೇಕಲವು ಕೆಲವು ಕಾಲ ತಾಲೂಕಿನ ಕೇಂದ್ರವಾಗಿದ್ದು, ಮುಂದೆ ಆ ಸ್ಥಾನ ಕಾಸರಗೋಡಿಗೆ ಹೋಯಿತು. ಕೇಂದ್ರ ಸರಕಾರದ ಪುರಾತತ್ತ್ವ ಇಲಾಖೆಯವರು ಒಳಗೆ ಅಗೆದು ನೋಡಿದಾಗ ನಾಯಕರ ಕಾಲದ ಮತ್ತು ಟಿಪ್ಪುವಿನ ಕಾಲದ ಕಟ್ಟಡಗಳ ತಳಪಾಯಗಳು ಹೊರಬಿದ್ದವು. ಬರಿಯ ಬಯಲಿನಂತೆ ಕಾಣುವ ಕೋಟೆಯ ಒಡಲಲ್ಲಿ ಜನ ಬಾಳಿದ್ದರೆಂಬುದಕ್ಕೆ ಇದು ಆಧಾರ.

ಬೇಕಲದ ಬಾಗಿಲಿನ ಬಳಿ ಮುಖ್ಯಪ್ರಾಣನ ಗುಡಿಯಿದೆ. ಸಮೀಪದಲ್ಲೇ ಟಿಪ್ಪುವಿನ ಕಾಲದ್ದೆಂದು ಹೇಳುವ ಮಸೀದಿಯಿದೆ. ಕುಂಬಳೆಯ ಹತ್ತಿರ ಹೆದ್ದಾರಿಯ ಬದಿಯಲ್ಲಿರುವ ಆರಿಕ್ಕಾಡಿ ಕೋಟೆಯಲ್ಲಿಯೂ ಹನುಮಂತನ ಗುಡಿಯಿದೆ. ಕೋಟೆಯ ಕಾವಲಿಗೆ ಹನುಮಂತನನ್ನು ನಿಲ್ಲಿಸುವುದು ಘಟ್ಟದ ಮೇಲಿನ ಪದ್ಧತಿ. ಅದನ್ನು ನಾಯಕರು ತಮ್ಮೊಡನೆ ಇಲ್ಲಿಗೆ ತಂದರು. ಕೋಟೆಯ ಉಪಯೋಗ ತೀರಿದರೂ ದೀಪ ಹಚ್ಚುವವರು ಇದ್ದುದರಿಂದ ಗುಡಿ ಜೀವಂತವಾಗಿ ಉಳಿಯಿತು.

ಹೊಸದುರ್ಗದ ಕೋಟೆಯು ಕೆಳದಿಯ ಸೋಮಶೇಖರನಾಯಕನ ಕಾಲದ್ದು. ದುಂಡಗಿನ ಕೊತ್ತಲಗಳೂ ಗೋಡೆಯ ತುಂಡುಗಳೂ ಅಲ್ಲಿ ಉಳಿದಿವೆ. ಮಗ್ಗುಲಲ್ಲಿ ನಿತ್ಯಾನಂದಾಶ್ರಮದ ಗುಹೆಗಳಿವೆ. ಇಲ್ಲಿ ಕಲ್ಲಿಗಿಂತ ಹೆಚ್ಚು ಗಟ್ಟಿಯಾಗಿ ಉಳಿದದ್ದು ಹೆಸರು. ಮಲೆಯಾಳ ಮಾತಾಡುವ ಕಾಞಂಗಾಡಿನ ಪರಿಸರದಲ್ಲಿ ತಾಲೂಕಿನ ಹೆಸರು ಈಗಲೂ ‘ಹೊಸದುರ್ಗ’ವೇ. ಕೋಟೆಗಳ ಕಾವಲಿಗೆಂದು ನಾಯಕರು ನೆಲೆಗೊಳಿಸಿದ ಕೋಟೆಯವರ, ಎಂದರೆ ರಾಮಕ್ಷತ್ರಿಯರ, ಮನೆಗಳಲ್ಲಿ ಕನ್ನಡವೂ ಉಳಿದುಬಂತು. ಕೋಟೆಯನ್ನು ಓದುವವನು ಗೋಡೆಯ ಒಳಗಷ್ಟೇ ನೋಡಿದರೆ ಸಾಲದು. ಅದರ ನೆರಳಲ್ಲಿ ನೆಲೆನಿಂತ ಕೇರಿಯನ್ನೂ ನೋಡಬೇಕು.

ದೇವಾಲಯ ಮತ್ತು ಮಸೀದಿ

ಕುಂಬಳೆ ಸೀಮೆಯ ನಾಲ್ಕು ಪ್ರಧಾನ ದೇವಸ್ಥಾನಗಳು ಅಡೂರು, ಮಧೂರು, ಕಾವು, ಕಣ್ಯಾರ. ಇವುಗಳಲ್ಲಿ ಮಧೂರಿನದು ಕಟ್ಟಡಕಲೆಯ ದೃಷ್ಟಿಯಿಂದ ಗಮನಾರ್ಹವಾದುದು. ಗರ್ಭಗೃಹದ ಹಿಂಭಾಗ ಆನೆಯ ಬೆನ್ನಿನಂತೆ ದುಂಡಾಗಿದೆ; ಇದಕ್ಕೆ ಗಜಪೃಷ್ಠಾಕಾರವೆಂದು ಹೆಸರು. ಮಾಡು ಮೂರು ನೆಲೆಗಳಲ್ಲಿ ಏರಿದೆ, ಮೇಲೆ ತಾಮ್ರದ ಹೊದಿಕೆಯಿದೆ. ಮುಖ್ಯದೇವರು ಮದನಂತೇಶ್ವರನಾದರೂ ಭಕ್ತರು ಹೆಚ್ಚಾಗಿ ಅರಸಿ ಬರುವುದು ಗಣಪತಿಯನ್ನು.

ಟಿಪ್ಪುವು ಇಲ್ಲಿಗೆ ಬಂದು, ಬಾವಿಯ ನೀರು ಕುಡಿದ ಬಳಿಕ ಮನಸ್ಸು ತಿರುಗಿ, ಕತ್ತಿಯಿಂದ ಒಂದು ಗುರುತನ್ನಷ್ಟೇ ಮಾಡಿ ಹೋದನೆಂಬ ಐತಿಹ್ಯ ಈ ದೇವಸ್ಥಾನಕ್ಕಿದೆ. ಗುರುತನ್ನು ತೋರಿಸುವುದೂ ಉಂಟು. ಇಂತಹ ಕಥೆಗಳನ್ನು ನಾವು ಹೇಗೆ ಸ್ವೀಕರಿಸಬೇಕು? ಕಣ್ಣುಮುಚ್ಚಿ ನಂಬುವುದು ಚರಿತ್ರೆಯಲ್ಲ. ಕಟ್ಟುಕಥೆಯೆಂದು ತಳ್ಳಿಬಿಡುವುದೂ ಚರಿತ್ರೆಯಲ್ಲ. ಗುರುತು ಏನನ್ನು ಸಾಧಿಸದಿದ್ದರೂ, ದಂಡಿನ ಭಯವನ್ನೂ ಅದರಿಂದ ಪಾರಾದ ನೆಮ್ಮದಿಯನ್ನೂ ಜನರು ಎರಡು ಶತಮಾನ ನೆನಪಿಟ್ಟರೆಂಬುದನ್ನು ಕಥೆ ಸಾಧಿಸುತ್ತದೆ. ಐತಿಹ್ಯವನ್ನು ಐತಿಹ್ಯವೆಂದೇ ಬರೆದಿಟ್ಟರೆ ಅದೂ ಒಂದು ದಾಖಲೆಯೇ.

ಕಾಸರಗೋಡು ಪೇಟೆಯ ದಕ್ಷಿಣಕ್ಕೆ, ಹೊಳೆಯ ಅಳಿವೆಯ ಸಮೀಪದಲ್ಲಿರುವ ತಳಂಗೆರೆಯಲ್ಲಿ ಮಾಲಿಕ್ ದೀನಾರ್ ಮಸೀದಿಯಿದೆ. ಅರಬರ ನಾಡಿನಿಂದ ಬಂದ ಮಾಲಿಕ್ ದೀನಾರರ ಬಳಗದವರು ಹಿಜರಿ 22ರಲ್ಲಿ ಇದನ್ನು ಸ್ಥಾಪಿಸಿದರೆಂಬುದು ಸಂಪ್ರದಾಯ. ಹಳೆಯ ಮಸೀದಿಯನ್ನು 1809ರಲ್ಲಿ ನವೀಕರಿಸಲಾಯಿತು. ಸುತ್ತಲೂ ಹೊಸ ಕಟ್ಟಡಗಳೆದ್ದಿದ್ದರೂ ಅಲ್ಲಿ ಈ ನಾಡಿನ ಮರಗೆಲಸದ ಪರಿಚಯವಾಗುತ್ತದೆ. ಇದೇ ತಳಂಗೆರೆಯಲ್ಲಿ ಜಯಸಿಂಹರಾಜನ ಹಳಗನ್ನಡ ಶಾಸನವೊಂದು ದೊರೆತಿದೆ. ಕಡಲ ವ್ಯಾಪಾರದ ದಾರಿಯಲ್ಲಿ ಬಂದ ಮತದ ಪ್ರಾಚೀನ ಕೇಂದ್ರವೂ ಕನ್ನಡ ಶಾಸನ ದೊರೆತ ಸ್ಥಳವೂ ಒಂದೇ ಊರಾಗಿರುವುದನ್ನು ನೆನೆದರೆ, ಅಳಿವೆಯ ಊರುಗಳು ಎಷ್ಟು ಬಗೆಯ ಜನರನ್ನು ಕಂಡಿರಬೇಕೆಂಬುದು ಅರ್ಥವಾಗುತ್ತದೆ.

ಕುಂಬಳೆಯ ಬಳಿಯ ಅನಂತಪುರದ ದೇವಾಲಯವು ಮುರಕಲ್ಲನ್ನು ಬಳಸಿದ ಬೇರೊಂದು ಬಗೆಯನ್ನು ತೋರಿಸುತ್ತದೆ. ಇಲ್ಲಿ ಕಲ್ಲನ್ನು ಏರಿಸಿ ಕಟ್ಟಿದ್ದಕ್ಕಿಂತ ನೆಲವನ್ನು ಇಳಿಸಿ ಮಾಡಿದ ಕೆಲಸವೇ ಹೆಚ್ಚು. ಕೆರೆಯ ನಡುವೆ ಗುಡಿ, ಅದಕ್ಕೆ ಒಂದು ಕಾಲುಸೇತುವೆ. ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತಾಗ ದೊಡ್ಡ ಜನಸಂದಣಿ ಸೇರಿತು. ಅನಂತಪುರದ ಹೆಸರನ್ನು ಆ ವರೆಗೆ ಕೇಳದಿದ್ದವರೂ ಕೇಳಿದರು.

ಅರಮನೆ, ಬೀಡು, ಮನೆ

ಕುಂಬಳೆಯು ಒಂದು ಕಾಲದ ಬಂದರು. ಪೋರ್ಚುಗೀಸ್ ಪ್ರವಾಸಿ ಬಾರ್ಬೋಸನು ಹದಿನಾರನೆಯ ಶತಮಾನದ ಆರಂಭದಲ್ಲಿ ಇಲ್ಲಿಂದ ಅಕ್ಕಿಯು ಮಾಲದೀವಿಗೆ ಹೋಗಿ, ಬದಲಿಗೆ ತೆಂಗಿನ ನಾರು ಬರುತ್ತಿದ್ದುದನ್ನು ಬರೆದಿದ್ದಾನೆ. ಯಕ್ಷಗಾನದ ಪಾರ್ತಿಸುಬ್ಬನ ಊರೂ ಇದೇ. ಹಳೆಯ ಬಂದರಿನ ಕಟ್ಟಡಗಳು ಉಳಿದಿಲ್ಲ. ಕಣಿಪುರ ಗೋಪಾಲಕೃಷ್ಣನ ದೇವಾಲಯವೂ ಆರಿಕ್ಕಾಡಿಯ ಕೋಟೆಯೂ ಉಳಿದಿವೆ. ಕುಂಬಳೆಯ ಅರಸುಮನೆತನದ ನೆಲೆ ಮಾಯಿಪ್ಪಾಡಿ ಅರಮನೆ. ಶಿಕ್ಷಕರ ತರಬೇತಿಗಾಗಿ ಮಾಯಿಪ್ಪಾಡಿಗೆ ಹೋಗಿಬಂದ ಅಧ್ಯಾಪಕರು ನಮ್ಮಲ್ಲಿ ಅನೇಕರಿದ್ದಾರೆ. ಒಂದು ಸೀಮೆಯ ಆಡಳಿತ ನಡೆದ ಸ್ಥಳದ ಹತ್ತಿರವೇ ತಾವು ಪಾಠಕ್ರಮ ಕಲಿತೆವೆಂಬುದನ್ನು ಅವರಲ್ಲಿ ಎಷ್ಟು ಮಂದಿ ಗಮನಿಸಿದ್ದಾರೋ!

ಕೋಟೆ ದೇವಾಲಯಗಳ ವಿಚಾರ ಅಲ್ಪಸ್ವಲ್ಪವಾದರೂ ಬರೆಯಲ್ಪಟ್ಟಿದೆ. ಏನೂ ಬರೆಯಲ್ಪಡದೆ ಹೋಗುತ್ತಿರುವುದು ಮನೆಗಳ ವಿಚಾರ. ಬೀಡು, ಗುತ್ತು, ತರವಾಡುಗಳ ನಾಲ್ಕಂಕಣದ ಮನೆಗಳು, ಅವುಗಳ ಚಾವಡಿ, ಉಪ್ಪರಿಗೆ, ಪತ್ತಾಯ, ದೈವದ ಕೋಣೆ ಇವೆಲ್ಲ ಒಂದು ಸಮಾಜವ್ಯವಸ್ಥೆಯ ಅಂಗಗಳು. ಗೇಣಿಯ ಅಕ್ಕಿ ಬರುತ್ತಿದ್ದುದರಿಂದ ಪತ್ತಾಯ ದೊಡ್ಡದಾಗಿತ್ತು. ಅಳಿಯಸಂತಾನದ ಕೂಡುಕುಟುಂಬವಿದ್ದುದರಿಂದ ಕೋಣೆಗಳು ಹೆಚ್ಚಾಗಿದ್ದವು. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿಪದ್ಧತಿ ರದ್ದಾಯಿತು. ಒಕ್ಕಲು ಭೂಮಿಯ ಒಡೆಯನಾದನು. 1976ರಲ್ಲಿ ಅವಿಭಕ್ತ ಕುಟುಂಬಪದ್ಧತಿಯನ್ನು ತೆಗೆದುಹಾಕುವ ಕಾನೂನು ಜಾರಿಗೆ ಬಂತು. ಎರಡೂ ನ್ಯಾಯಕ್ಕಾಗಿ ಬಂದ ಕಾನೂನುಗಳೇ. ಅವುಗಳನ್ನು ದೂರುವ ಮಾತಿಲ್ಲ. ಆದರೆ ಗೇಣಿ ನಿಂತ ಮೇಲೆ ಪತ್ತಾಯ ಬರಿದಾಯಿತು, ಪಾಲಾದ ಮೇಲೆ ಮಾಡಿಗೆ ಕೈಯಾಡಿಸುವ ಯಜಮಾನನಿಲ್ಲದೆ ಹೋದನು. ಹಂಚು ಜಾರಿದ ಜಾಗದಲ್ಲಿ ಎರಡು ಮಳೆಗಾಲ ನೀರಿಳಿದರೆ ಪಕ್ಕಾಸು ಕುಂಬಾಗುತ್ತದೆ. ಪಕ್ಕಾಸು ಬಿದ್ದರೆ ಗೋಡೆ ನಿಲ್ಲದು. ಮನೆ ಕೆಡವಿದ ದಿನ ಮರಮಟ್ಟು ವ್ಯಾಪಾರಿಯ ಪಾಲಾಗುತ್ತದೆ. ಪೆಟ್ಟಿಗೆಯಲ್ಲಿದ್ದ ಮೂಲಗೇಣಿ ಚೀಟುಗಳೂ ವರ್ಗದ ಕಾಗದಗಳೂ ಒಲೆಯ ಪಾಲಾಗುತ್ತವೆ.

ಈ ಕಾಗದಗಳ ವಿಷಯ ನಮಗೆ ವಿಶೇಷವಾದುದು. ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಲದ ಇಲ್ಲಿನ ಕಾಗದಪತ್ರಗಳಲ್ಲಿ ಬಹಳಷ್ಟು ಕನ್ನಡದಲ್ಲಿವೆ. ಹಳೆಯ ಮೋಡಿ ಬರಹದವೂ ಇವೆ. ಮನೆಯ ಮಕ್ಕಳು ಕನ್ನಡ ಓದದೆ ಹೋದಾಗ ಆ ಕಾಗದ ಅವರಿಗೆ ಬರಿಯ ಕಾಗದ. ಗಡಿನಾಡಿನಲ್ಲಿ ಕನ್ನಡ ಶಾಲೆ ಏಕೆ ಬೇಕೆಂದು ಕೇಳುವವರಿಗೆ ನಾವು ಹೇಳಬಹುದಾದ ಉತ್ತರಗಳಲ್ಲಿ ಇದೂ ಒಂದು: ಈ ನೆಲದ ದಾಖಲೆ ಓದಲು ಬಲ್ಲವರು ಈ ನೆಲದಲ್ಲೇ ಇರಬೇಕು. ಮಲೆಯಾಳ, ತುಳು, ಮರಾಟಿ, ಕೊಂಕಣಿ ಮನೆಮಾತಿನ ನೆರೆಯವರಿಗೂ ಆ ದಾಖಲೆಗಳಲ್ಲಿ ಪಾಲುಂಟು.

ಇದಕ್ಕೆ ವಿರುದ್ಧವಾದ ಒಂದು ಸಂತೋಷದ ನಿದರ್ಶನವೂ ಇದೆ. ಮಂಜೇಶ್ವರದಲ್ಲಿ ಗೋವಿಂದ ಪೈಗಳು (1883–1963) ವಾಸವಾಗಿದ್ದ ಮನೆ ಈಗ ‘ಗಿಳಿವಿಂಡು’ ಎಂಬ ಹೆಸರಿನಲ್ಲಿ ಅವರ ಸ್ಮಾರಕದ ನೆಲೆಯಾಗಿದೆ. ಕೋಟೆಯೂ ಅಲ್ಲದ ದೇವಾಲಯವೂ ಅಲ್ಲದ ಒಂದು ವಾಸದ ಮನೆಯನ್ನು, ಅಲ್ಲಿ ಓದು ಬರಹ ನಡೆಯಿತೆಂಬ ಒಂದೇ ಕಾರಣಕ್ಕಾಗಿ, ಎರಡು ರಾಜ್ಯಗಳ ಜನರೂ ಗೌರವದಿಂದ ಕಾಣುವಂತಾಯಿತು.

ಉಳಿಯುವ ಬಗೆ, ಅಳಿಯುವ ಬಗೆ

ಮೇಲಿನ ನಿದರ್ಶನಗಳನ್ನು ಒಟ್ಟುಗೂಡಿಸಿದರೆ ನಮ್ಮ ಹಳೆಯ ಕಟ್ಟಡಗಳು ಮೂರು ವರ್ಗಕ್ಕೆ ಸೇರುತ್ತವೆ. ಸರಕಾರದ ರಕ್ಷಣೆಯಿಂದ ಉಳಿದವು ಮೊದಲನೆಯವು. ಬೇಕಲ ಇದಕ್ಕೆ ಉದಾಹರಣೆ. ಅಲ್ಲಿ ಗೋಡೆ ಭದ್ರವಾಗಿದೆ, ಬಾಳುವೆ ಹೋಗಿದೆ. ಬಳಕೆಯಿಂದ ಉಳಿದವು ಎರಡನೆಯವು, ದೇವಾಲಯ ಮಸೀದಿಗಳು. ಅಲ್ಲಿ ಬಾಳುವೆ ಉಂಟು. ಆದರೆ ಬಳಸುವವರು ಕಟ್ಟಡವನ್ನು ಬದಲಾಯಿಸುತ್ತಲೇ ಇರುತ್ತಾರೆ. ಮಧೂರಿನಲ್ಲಿ ದೊಡ್ಡ ಜೀರ್ಣೋದ್ಧಾರ ಮುಗಿದು 2025ರಲ್ಲಿ ಬ್ರಹ್ಮಕಲಶೋತ್ಸವವೂ ಮೂಡಪ್ಪ ಸೇವೆಯೂ ನಡೆದವು. ಜೀರ್ಣೋದ್ಧಾರವು ದೇವಸ್ಥಾನದ ಧರ್ಮ. ಅದನ್ನು ತಡೆಯುವ ಅಧಿಕಾರ ಚರಿತ್ರಕಾರನಿಗಿಲ್ಲ. ಎಲ್ಲಿಯೇ ಆಗಲಿ ಕೆಲಸ ಆರಂಭವಾಗುವ ಮುನ್ನ ಹಳೆಯ ತೊಲೆ, ಕೆತ್ತನೆ, ತಳಪಾಯಗಳ ಚಿತ್ರವನ್ನೂ ಅಳತೆಯನ್ನೂ ತೆಗೆದಿಡಿರೆಂದು ಕೇಳುವ ಅಧಿಕಾರ ಉಂಟು. ರಕ್ಷಣೆಯೂ ಇಲ್ಲದ, ಬಳಕೆಯೂ ತಪ್ಪಿದ ಕಟ್ಟಡಗಳು ಮೂರನೆಯವು. ಬೀಡುಗಳು, ಹಳೆಯ ಅಂಗಡಿಸಾಲುಗಳು, ಧರ್ಮಛತ್ರಗಳು, ಐಗಳ ಶಾಲೆಗಳು. ಇವು ಯಾರಿಗೂ ತಿಳಿಯದಂತೆ ಅಳಿಯುತ್ತಿವೆ.

ಈ ಮೂರನೆಯ ವರ್ಗದ ವಿಷಯದಲ್ಲಿ ಸರಕಾರಕ್ಕಿಂತ ಅಧ್ಯಾಪಕನಿಗೇ ಹೆಚ್ಚು ಅವಕಾಶವಿದೆ. ಪ್ರತಿಯೊಂದು ಶಾಲೆಯ ಸುತ್ತ ಎರಡು ಮೈಲಿಯೊಳಗೆ ಇಂತಹ ಕಟ್ಟಡ ಒಂದಾದರೂ ಇದ್ದೇ ಇರುತ್ತದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ನಾಲ್ಕು ಪ್ರಶ್ನೆಗಳನ್ನು ಕೇಳಿಸಬಹುದು: ಇದನ್ನು ಯಾವುದರಿಂದ ಕಟ್ಟಿದ್ದಾರೆ? ಯಾವ ಉಪಯೋಗಕ್ಕಾಗಿ ಕಟ್ಟಿದ್ದಾರೆ? ನಡುವೆ ಯಾರು ಯಾರು ದುರಸ್ತಿ ಮಾಡಿದ್ದಾರೆ? ಈಗ ಯಾವುದಕ್ಕೆ ಉಪಯೋಗವಾಗುತ್ತಿದೆ? ಉತ್ತರಗಳನ್ನು ಒಂದು ಪುಸ್ತಕದಲ್ಲಿ ಬರೆಸಿ, ಗೋಡೆಯ ಅಳತೆ ಹಿಡಿಸಿ, ಬಾಗಿಲ ದಾರಂದದ ಚಿತ್ರ ಬರೆಸಿ ಶಾಲೆಯಲ್ಲಿಡಬೇಕು. ಕೇಳಿದ ಕಥೆಯನ್ನು ಒಂದು ಬದಿಯಲ್ಲೂ ಕಂಡ ಸಂಗತಿಯನ್ನು ಇನ್ನೊಂದು ಬದಿಯಲ್ಲೂ ಬರೆಯುವ ಅಭ್ಯಾಸ ಮಾಡಿಸಿದರೆ, ಚರಿತ್ರೆಯ ಮೊದಲ ಪಾಠವನ್ನು ಕಲಿಸಿದಂತೆಯೇ ಆಯಿತು. ಹತ್ತು ಶಾಲೆಗಳು ಹೀಗೆ ಮಾಡಿದರೆ ಒಂದು ಸೀಮೆಯ ದಾಖಲೆ ಸಿದ್ಧವಾಗುತ್ತದೆ.

ಚಂದ್ರಗಿರಿಯ ಎರಡು ದಡಗಳಲ್ಲಿಯೂ ನಾವು ನೋಡಿದ ಕಟ್ಟಡಗಳಲ್ಲಿ ಒಬ್ಬನ ಕೈಯಿಂದಲೇ ಆದುದು ಒಂದೂ ಇಲ್ಲ. ಒಬ್ಬನು ಕಟ್ಟಿದ್ದನ್ನು ಇನ್ನೊಬ್ಬನು ದುರಸ್ತಿ ಮಾಡಿದನು. ಒಂದು ಉಪಯೋಗಕ್ಕೆ ಎದ್ದುದನ್ನು ಮತ್ತೊಂದಕ್ಕೆ ಬಳಸಿದರು. ಗಡಿನಾಡಿನ ಚರಿತ್ರೆಯನ್ನು ಬರೆಯುವವರು ಈ ಮಾತನ್ನು ಲಕ್ಷ್ಯದಲ್ಲಿಟ್ಟುಕೊಂಡರೆ ಅವರ ಬರಹ ನಿಷ್ಪಕ್ಷಪಾತವಾಗುವುದು. ಆ ಬರಹಕ್ಕೆ ಬೇಕಾದ ಸಾಮಗ್ರಿಯು ನಿಂತಿರುವಾಗಲೇ ಅದನ್ನು ಅಳೆದು ಬರೆದಿಡುವ ಕೆಲಸ ಮುಂದಿನ ಮಳೆಗಾಲಕ್ಕೆ ಮೊದಲೇ ಆರಂಭವಾಗಲಿ.